ನಾಲ್ಕು ಎಸಳಿನ ಬಳಗ

ಸಾಸಿವೆಯ ಕಾಳನ್ನು ಕಾಣದ ಮನೆ ನಮ್ಮ ನಾಡಿನಲ್ಲಿಲ್ಲ. ಒಗ್ಗರಣೆಯ ಸೌಟಿನಲ್ಲಿ ಮೊದಲು ಸಿಡಿಯುವುದು ಅದು. ಮಗುವಿಗೆ ದೃಷ್ಟಿಯಾಯಿತೆಂದು ಉಪ್ಪು ಮೆಣಸಿನಕಾಯಿಗಳೊಡನೆ ನಿವಾಳಿಸಿ ಕೆಂಡಕ್ಕೆ ಹಾಕುವುದೂ ಅದನ್ನೇ. ಮಗನನ್ನು ಕಳೆದುಕೊಂಡ ಕಿಸಾಗೋತಮಿಗೆ ಬುದ್ಧನು ಸಾವು ಕಾಣದ ಮನೆಯಿಂದ ತರಹೇಳಿದ್ದು ಸಾಸಿವೆಯನ್ನು. ಎಲ್ಲರ ಮನೆಯಲ್ಲಿಯೂ ಇದ್ದೇ ಇರುವ ವಸ್ತುವಾದುದರಿಂದಲೇ ಆ ಕಥೆಗೆ ಅಷ್ಟು ಶಕ್ತಿ ಬಂದಿದೆ. ನಮ್ಮ ಮಾತಿನಲ್ಲಿ ಅತ್ಯಲ್ಪವಾದುದಕ್ಕೆಲ್ಲ ಸಾಸಿವೆಯೇ ಅಳತೆ. ಆದರೂ ಹಂಪೆಯಲ್ಲಿ ಸುಮಾರು ಎಂಟಡಿ ಎತ್ತರದ ಏಕಶಿಲೆಯ ಗಣಪನಿಗೆ ಸಾಸಿವೆಕಾಳು ಗಣೇಶನೆಂದು ಹೆಸರಿಟ್ಟು ನಮ್ಮ ಜನ ನಕ್ಕಿದ್ದಾರೆ.

ಇಷ್ಟು ಪರಿಚಿತವಾದ ಕಾಳು ಯಾವ ಗಿಡದ್ದು, ಆ ಗಿಡದ ಹೂ ಹೇಗಿರುತ್ತದೆ, ಅದರ ಬಂಧುಗಳು ಯಾರು ಎಂದು ಕೇಳಿದರೆ ಮಾತ್ರ ಪಟ್ಟಣದಲ್ಲಿ ಬೆಳೆದ ನಮ್ಮಲ್ಲಿ ಅನೇಕರು ತಡವರಿಸುತ್ತೇವೆ. ಸಸ್ಯಶಾಸ್ತ್ರದ ಪಾಠ ಹೇಳಿಕೊಂಡು ಬಂದ ನನಗೆ, ಒಂದು ಗಿಡವನ್ನು ಅರಿಯುವುದಕ್ಕೆ ಅದರ ಮನೆತನವನ್ನು ಅರಿಯುವುದೇ ಹತ್ತಿರದ ದಾರಿಯೆಂದು ತೋರಿದೆ. ಒಂದೊಂದು ಗಿಡವನ್ನೂ ಬೇರೆ ಬೇರೆಯಾಗಿ ನೆನಪಿಡಲು ಹೊರಟರೆ ಆಯುಷ್ಯ ಸಾಲದು. ಕುಟುಂಬದ ಲಕ್ಷಣ ಗೊತ್ತಿದ್ದರೆ ಎಂದೂ ಕಾಣದ ಗಿಡವನ್ನೂ ಒಂದು ನೆಲೆಗೆ ನಿಲ್ಲಿಸಬಹುದು. ಸಾಸಿವೆಯ ಕುಟುಂಬ ಇಂಥ ಅಭ್ಯಾಸಕ್ಕೆ ಹೇಳಿ ಮಾಡಿಸಿದ್ದು. ಅದರಲ್ಲಿ ಸುಮಾರು 350 ಜಾತಿಗಳೂ 4000ದ ಸಮೀಪ ಪ್ರಭೇದಗಳೂ ಇವೆ. ಹೆಚ್ಚಿನವು ತಂಪು ನಾಡುಗಳ ನಿವಾಸಿಗಳು. ಮೆಡಿಟರೇನಿಯನ್ ತೀರ, ಮಧ್ಯ ಏಷ್ಯ ಅವುಗಳ ನೆಚ್ಚಿನ ನೆಲೆ. ನಮ್ಮ ದಕ್ಷಿಣದ ಬಯಲಿನಲ್ಲಿ ತಾವಾಗಿ ಹುಟ್ಟುವವು ಬೆರಳೆಣಿಕೆಯಷ್ಟು. ಉಳಿದವು ಬೆಳೆಯಾಗಿ, ತರಕಾರಿಯಾಗಿ, ತೋಟದ ಹೂವಾಗಿ ಬಂದವು. ಹೀಗೆ ಸಂಖ್ಯೆ ಕಡಮೆಯಾದುದರಿಂದ ಕಲಿಯುವವನಿಗೆ ಇಲ್ಲಿ ಅನುಕೂಲ ಹೆಚ್ಚು.

ಪಾಠವನ್ನು ರಾಗಿಯ ಹೊಲದಿಂದ ಆರಂಭಿಸೋಣ. ಬೆಂಗಳೂರಿನ ಸುತ್ತಲಿನ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಯ ಕೆಂಪು ಮಣ್ಣಿನಲ್ಲಿ ರಾಗಿಯನ್ನು ಒಂಟಿಯಾಗಿ ಬಿತ್ತುವ ರೂಢಿ ಹಿಂದೆ ಇರಲಿಲ್ಲ. ರಾಗಿಯ ಕೆಲವು ಸಾಲುಗಳಿಗೊಂದರಂತೆ ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಜೋಳ, ಹುಚ್ಚೆಳ್ಳು, ಸಾಸಿವೆ. ಮಳೆ ಕೈಕೊಟ್ಟು ಒಂದು ಹೋದರೆ ಇನ್ನೊಂದು ಉಳಿಯಲಿ ಎಂಬುದು ರೈತನ ಲೆಕ್ಕ. ಸಾಲು ತೆಳುಮಾಡುವಾಗ ಕಿತ್ತ ಎಳೆಯ ಸಾಸಿವೆ ಗಿಡ ಬೆರಕೆ ಸೊಪ್ಪಿನೊಡನೆ ಬಸ್ಸಾರಿಗೆ ಹೋಗುತ್ತದೆ. ನಿಂತದ್ದು ಹೂವಾಗಿ ಮನೆಯ ವರ್ಷದ ಒಗ್ಗರಣೆಗೆ ಕಾಳು ಕೊಡುತ್ತದೆ. ಈ ಪದ್ಧತಿ ಈಗ ತೀರ ವಿರಳವಾಗಿದ್ದರೂ ಮಾಯವಾಗಿಲ್ಲ. ಘಾಟಿ ಸುಬ್ರಹ್ಮಣ್ಯದ ದಾರಿಯಲ್ಲಿ, ಮಾಕಳಿದುರ್ಗದ ಬೆಟ್ಟದ ಕೆಳಗೆ, ಮಳೆಗಾಲ ಮುಗಿಯುವ ಹೊತ್ತಿಗೆ ಹಸಿರು ರಾಗಿಯ ನಡುವೆ ಹಳದಿಯ ಗೆರೆ ಎಳೆದ ಹೊಲಗಳನ್ನು ಇಂದಿಗೂ ಕಾಣಬಹುದು.

ಆ ಹಳದಿಯಲ್ಲಿ ಎರಡು ಬಗೆ ಇರುತ್ತದೆ. ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಎರಡೂ ಒಂದೇ. ಹೊಲಕ್ಕಿಳಿದು ಒಂದೊಂದು ಹೂವನ್ನು ಕೈಯಲ್ಲಿ ಹಿಡಿದರೆ ವ್ಯತ್ಯಾಸ ತಿಳಿಯುತ್ತದೆ. ಹುಚ್ಚೆಳ್ಳಿನದು ಪುಟ್ಟ ಸೂರ್ಯಕಾಂತಿಯಂತಿದೆ. ನಡುವೆ ಗುಂಡಾದ ತಟ್ಟೆ, ಸುತ್ತ ಎಂಟರಷ್ಟು ಎಸಳು. ನಾವು ಹೂವೆನ್ನುವ ಅದು ವಾಸ್ತವವಾಗಿ ಅನೇಕ ಕಿರುಹೂಗಳ ಒಂದು ಸಭೆ. ಸೂರ್ಯಕಾಂತಿ, ಚೆಂಡುಹೂ, ಸೇವಂತಿಗೆಗಳ ಮನೆತನದ ಗುರುತು ಅದು. ಸಾಸಿವೆಯ ಹೂ ಹಾಗಲ್ಲ. ಅದು ಬಿಡಿಹೂ, ಹೊರಗೆ ನಾಲ್ಕು ಪುಷ್ಪಪತ್ರ, ಅವುಗಳ ನಡುವಿನ ಸಂದಿನಲ್ಲಿ ಒಂದೊಂದರಂತೆ ನಾಲ್ಕು ಹಳದಿ ಎಸಳು. ಎಸಳಿನ ಬುಡ ಕಡ್ಡಿಯಂತೆ ಕಿರಿದು, ತುದಿ ಅಗಲ. ಅವು ಎದುರುಬದುರಾಗಿ ಹರಡಿ ಶಿಲುಬೆಯ ಆಕಾರ ತಾಳುತ್ತವೆ. ಈ ಕುಟುಂಬಕ್ಕೆ ಹಿಂದಿನವರು ಕ್ರೂಸಿಫೆರೀ, ಎಂದರೆ ಶಿಲುಬೆ ಹೊತ್ತವು, ಎಂದು ಹೆಸರಿಟ್ಟದ್ದು ಇದರಿಂದ. ಈಗ ಸಾಸಿವೆಯ ಜಾತಿನಾಮವಾದ ಬ್ರಾಸಿಕದ ಮೇಲಿಂದ ಬ್ರಾಸಿಕೇಸೀ ಎನ್ನುತ್ತಾರೆ. ಎರಡು ಹೆಸರೂ ಶಾಸ್ತ್ರಸಮ್ಮತವೇ.

ಆದರೆ ನಾಲ್ಕು ಎಸಳನ್ನು ಕಂಡೊಡನೆ ತೀರ್ಪು ಕೊಡಬಾರದು. ಎಸಳಿನೊಳಗಿನ ಕೇಸರಗಳನ್ನು ಎಣಿಸಬೇಕು. ಸಾಸಿವೆಯಲ್ಲಿ ಅವು ಆರು. ಆ ಆರರಲ್ಲಿ ನಾಲ್ಕು ಉದ್ದ, ಎರಡು ಗಿಡ್ಡ. ಗಿಡ್ಡನೆಯ ಎರಡು ಹೊರಗೆ ಎದುರೆದುರಾಗಿ ನಿಂತಿರುತ್ತವೆ. ಒಂದು ಸೂಜಿ, ಒಂದು ಅಗ್ಗದ ಭೂತಕನ್ನಡಿ ಇದ್ದರೆ ಶಾಲೆಯ ಹುಡುಗನೂ ಇದನ್ನು ಕಾಣಬಲ್ಲ. ಸಸ್ಯಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಸ್ವೀಡನ್ನಿನ ಲಿನೀಯಸ್ ತನ್ನ ವರ್ಗೀಕರಣದಲ್ಲಿ ಕೇಸರಗಳ ಎಣಿಕೆಯನ್ನೇ ಮುಖ್ಯವಾಗಿ ಆಧರಿಸಿದನಷ್ಟೆ. ಅವನ ವಿಭಾಗಗಳಲ್ಲಿ ಬಹುಪಾಲು ಇಂದು ಬಿದ್ದುಹೋಗಿವೆ. ಸಂಬಂಧವಿಲ್ಲದ ಗಿಡಗಳು ಎಣಿಕೆಯೊಂದರಿಂದಲೇ ಒಂದೆಡೆ ಸೇರಿಬಿಟ್ಟಿದ್ದವು. ಆದರೆ ನಾಲ್ಕು ಉದ್ದ ಎರಡು ಗಿಡ್ಡ ಎಂಬ ಲಕ್ಷಣದ ಮೇಲೆ ಅವನು ಮಾಡಿದ ಹದಿನೈದನೆಯ ವರ್ಗ ಹೆಚ್ಚುಕಡಮೆ ಇಡಿಯಾಗಿ ಉಳಿದಿದೆ. ಅದೇ ನಮ್ಮ ಸಾಸಿವೆಯ ಬಳಗ.

ಮೂರನೆಯ ಗುರುತು ಕಾಯಿಯದು. ಸಾಸಿವೆಯ ಗೊನೆಯಲ್ಲಿ ತುದಿಗೆ ಮೊಗ್ಗು, ಅದರ ಕೆಳಗೆ ಹೂ, ಇನ್ನೂ ಕೆಳಗೆ ಎಳೆಗಾಯಿ, ಬುಡದಲ್ಲಿ ಬಲಿತ ಕಾಯಿ ಹೀಗೆ ಎಲ್ಲ ವಯಸ್ಸಿನವೂ ಒಂದೇ ಕಡ್ಡಿಯಲ್ಲಿ ಸಿಗುತ್ತವೆ. ಹೂವಿನ ತೊಟ್ಟಿನ ಬುಡದಲ್ಲಿ ಪುಟ್ಟ ಎಲೆಯೊಂದು ಇರುವುದು ಅನೇಕ ಸಸ್ಯಗಳ ಕ್ರಮ. ಇಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಒಣಗಿದ ಒಂದು ಕಾಯಿಯನ್ನು ಬಿಡಿಸಿ ನೋಡಿ. ಪಕ್ಕದಲ್ಲಿಯೇ ಅಕ್ಕಡಿಯ ಅವರೆ ಇದ್ದರೆ ಅದರ ಕಾಯಿಯನ್ನೂ ಬಿಡಿಸಿ ಹೋಲಿಸಿ. ಅವರೆಯ ಒಳಗೆ ಒಂದೇ ಕೋಣೆ. ಕಾಳುಗಳು ಒಂದು ಅಂಚಿಗೆ ಅಂಟಿಕೊಂಡಿರುತ್ತವೆ. ಸಾಸಿವೆಯ ಕಾಯಿಯಲ್ಲಿ ನಡುವೆ ಬೆಳ್ಳಗೆ ಹೊಳೆಯುವ, ಕಾಗದದಂಥ ತೆಳು ತೆರೆಯೊಂದು ಹಾದು ಕಾಯಿಯನ್ನು ಎರಡು ಕೋಣೆಯಾಗಿ ಭಾಗಿಸಿದೆ. ಕಾಯಿ ಬಲಿತಾಗ ಎರಡು ಸಿಪ್ಪೆಗಳು ಬುಡದಿಂದ ಮೇಲಕ್ಕೆ ಬಿಚ್ಚಿ ಕಳಚಿ ಬೀಳುತ್ತವೆ. ಉಳಿಯುವುದು ಸುತ್ತಲಿನ ಚೌಕಟ್ಟು, ಅದಕ್ಕೆ ಬಿಗಿದ ತೆರೆ, ಚೌಕಟ್ಟಿನ ಅಂಚಿಗೆ ಅಂಟಿದ ಕಾಳು. ಬಾಗಿಲು ಕಿತ್ತ ಕಿಟಕಿಯ ಹಾಗೆ ಅದು ಗಿಡದ ಮೇಲೆಯೇ ನಿಂತಿರುತ್ತದೆ. ಇಂಥ ಕಾಯಿ ಉದ್ದವಾಗಿದ್ದರೆ ಸಿಲಿಕ್ವ, ಅಗಲಕ್ಕೂ ಉದ್ದಕ್ಕೂ ಹೆಚ್ಚು ಅಂತರವಿಲ್ಲದೆ ಮೊಟಕಾಗಿದ್ದರೆ ಸಿಲಿಕ್ಯುಲ ಎಂದು ಶಾಸ್ತ್ರಕಾರರು ಕರೆಯುತ್ತಾರೆ. ಕುಟುಂಬವನ್ನು ಹೂ ಸಾರಿದರೆ, ಕುಟುಂಬದೊಳಗೆ ಯಾರು ಯಾರೆಂದು ಹೇಳುವುದು ಹೆಚ್ಚಾಗಿ ಈ ಕಾಯಿ.

ಹೂವೂ ಇಲ್ಲ, ಕಾಯಿಯೂ ಇಲ್ಲ, ಆಗೇನು ಮಾಡಬೇಕು? ಎಲೆಯನ್ನು ನೋಡಬಹುದು. ಈ ಬಳಗದಲ್ಲಿ ಎಲೆಗಳು ಕಾಂಡದ ಮೇಲೆ ಒಂದರ ನಂತರ ಒಂದು ಪರ್ಯಾಯವಾಗಿ ಬರುತ್ತವೆ. ತೊಟ್ಟಿನ ಬುಡದಲ್ಲಿ ಕಾವಿನೆಲೆಗಳಿರುವುದಿಲ್ಲ. ನಮ್ಮ ಸಾಸಿವೆಯಲ್ಲಿ ಕೆಳಗಿನ ಎಲೆಗೆ ಉದ್ದ ತೊಟ್ಟು, ಅಂಚು ಸೀಳುಸೀಳು. ಮೇಲೇರಿದಂತೆ ಎಲೆ ಕಿರಿದಾಗುತ್ತದೆ. ಉತ್ತರದ ಬಯಲಿನ ಇನ್ನೊಂದು ಎಣ್ಣೆಬೀಜವಾದ ಸರಸೋಂನಲ್ಲಿ ಮೇಲಿನ ಎಲೆಯ ಬುಡ ಕಾಂಡವನ್ನು ತಬ್ಬಿರುತ್ತದೆ. ನಮ್ಮ ಸಾಸಿವೆಯದು ತಬ್ಬುವುದಿಲ್ಲ. ಮೊಳಕೆಯಲ್ಲಿಯೂ ಒಂದು ಸೊಗಸಾದ ಗುರುತುಂಟು. ಒದ್ದೆ ಬಟ್ಟೆಯ ಮೇಲೆ ಸಾಸಿವೆಯನ್ನೂ ಮೂಲಂಗಿಯ ಬೀಜವನ್ನೂ ಚೆಲ್ಲಿ ಕೆಲವು ದಿನ ಬಿಟ್ಟು ನೋಡಿದರೆ, ಮೊದಲು ಮೂಡುವ ಜೋಡಿ ಎಲೆಗಳೆರಡೂ ತುದಿಯಲ್ಲಿ ಕಚ್ಚು ಬಿದ್ದು ಹೃದಯದಾಕಾರ ತಾಳಿರುತ್ತವೆ. ಬೀಜದೊಳಗೆ ಅವು ಒಂದರ ಮಡಿಕೆಯಲ್ಲಿ ಇನ್ನೊಂದು ಅಡಗಿ ಕುಳಿತಿದ್ದವು.

ಇವೆಲ್ಲಕ್ಕಿಂತ ಹಳೆಯ ಪರೀಕ್ಷೆ ಮೂಗಿನದು. ದೊಡ್ಡಬಳ್ಳಾಪುರದ ಕಡೆ ಹೊಲದ ಬದುವಿನಲ್ಲಿ ಬೆರಕೆ ಸೊಪ್ಪು ಆರಿಸುತ್ತಿದ್ದ ವೃದ್ಧೆಯೊಬ್ಬರನ್ನು, ಇಷ್ಟು ಎಳೆಯ ಗಿಡಗಳಲ್ಲಿ ಸಾಸಿವೆ ಯಾವುದೆಂದು ಹೇಗೆ ತಿಳಿಯುತ್ತೀರಿ ಎಂದು ನಾನು ಕೇಳಿದೆ. ಆಕೆ ಒಂದೆಲೆಯನ್ನು ಬೆರಳಲ್ಲಿ ಹೊಸಕಿ ನನ್ನ ಮುಂದೆ ಹಿಡಿದು, “ಕಣ್ಣಿಗೇನ್ ಗೊತ್ತಾಯ್ತದೆ ಸ್ವಾಮಿ, ಮೂಗಿಗೆ ಹಿಡೀರಿ” ಎಂದರು. ಆ ಘಾಟು ಮೂಗಿಗೆ ಏರಿತು. ಕಾಲೇಜಿನಲ್ಲಿ ನಾವು ಒಂದು ಗಂಟೆ ಹೇಳುವ ಪಾಠ ಆ ಒಂದು ಮಾತಿನಲ್ಲಿತ್ತು.

ಈ ಘಾಟಿನ ರಹಸ್ಯವೂ ರಮ್ಯವಾಗಿದೆ. ಇಡಿಯಾದ ಸಾಸಿವೆ ಕಾಳಿಗೆ ವಾಸನೆಯಿಲ್ಲ. ಬಾಯಿಗೆ ಹಾಕಿ ಕಡಿದು ಜಗಿದರೆ ಮಾತ್ರ ಖಾರ. ಕಾಳಿನಲ್ಲಿ, ಎಲೆಯಲ್ಲಿ, ಬೇರಿನಲ್ಲಿ ಸಿನಿಗ್ರಿನ್ ಮೊದಲಾದ ಗಂಧಕಯುಕ್ತ ವಸ್ತುಗಳು ಒಂದು ಕಡೆ, ಮೈರೊಸಿನೇಸ್ ಎಂಬ ಕಿಣ್ವ ಬೇರೊಂದು ಕಡೆ ಪ್ರತ್ಯೇಕವಾಗಿ ಕುಳಿತಿರುತ್ತವೆ. ಅರೆದಾಗ, ಜಗಿದಾಗ, ಹುಳು ಕಡಿದಾಗ ನಡುವಣ ಗೋಡೆ ಒಡೆದು ಅವು ಬೆರೆಯುತ್ತವೆ. ಆ ಕ್ಷಣ ಹುಟ್ಟುವುದು ಘಾಟಿನ ಎಣ್ಣೆ. ಮಲೆನಾಡಿನ ಮನೆಗಳಲ್ಲಿ ಹಸಿ ಸಾಸಿವೆಯನ್ನು ತೆಂಗಿನ ತುರಿಯೊಡನೆ ತಣ್ಣೀರಿನಲ್ಲಿ ರುಬ್ಬಿ ಮೊಸರು ಸೇರಿಸಿ ಮಾಡುವ ‘ಸಾಸಿವೆ’ ಎಂಬ ವ್ಯಂಜನ ನೆತ್ತಿಗೇರುವುದು ಇದರಿಂದ. ಮಾವಿನಕಾಯಿ ಉಪ್ಪಿನಕಾಯಿಯ ಘಾಟೂ ಇದೇ. ಒಗ್ಗರಣೆಯಲ್ಲಿಯಾದರೋ ಕಾಳು ಕಾದ ಎಣ್ಣೆಗೆ ಬಿದ್ದೊಡನೆ ಕಿಣ್ವ ಕೆಡುತ್ತದೆ. ಖಾರ ಹುಟ್ಟುವುದಿಲ್ಲ, ಹುರಿದ ಪರಿಮಳವಷ್ಟೇ ಉಳಿಯುತ್ತದೆ. ಒಂದೇ ಕಾಳನ್ನು ಎರಡು ಗುಣಕ್ಕೆ ಬಳಸುವ ಈ ಜಾಣ್ಮೆ ರಸಾಯನಶಾಸ್ತ್ರ ಹುಟ್ಟುವ ಮೊದಲೇ ನಮ್ಮ ಅಡುಗೆಮನೆಯಲ್ಲಿತ್ತು.

ಇನ್ನು ವೇಷಧಾರಿಗಳ ವಿಚಾರ. ಗುರುತಿನ ವಿದ್ಯೆಗೆ ನಿಜವಾದ ಪರೀಕ್ಷೆ ಒಡ್ಡುವವರು ಅವರೇ. ಕೇಪಳದ ಹೂವಿಗೂ ನಾಲ್ಕು ಎಸಳು, ಅದೂ ಶಿಲುಬೆಯಂತೆಯೇ. ಆದರೆ ಎಸಳುಗಳು ಬುಡದಲ್ಲಿ ಕೂಡಿ ನೀಳವಾದ ಕೊಳವೆಯಾಗಿವೆ, ಎಲೆಗಳು ಜೋಡಿಜೋಡಿಯಾಗಿ ಎದುರುಬದುರು ಬರುತ್ತವೆ. ಅದು ಕಾಫಿಯ ಬಳಗ. ಕೆರೆಯ ಅಂಚಿನ ಜೌಗಿನಲ್ಲಿ ನಾಲ್ಕು ಹಳದಿ ಎಸಳಿನ ಲುಡ್ವಿಜಿಯ ಎಂಬ ಗಿಡ ಧಾರಾಳವಾಗಿ ಬೆಳೆಯುತ್ತದೆ. ಅದರ ಹೂವನ್ನು ತಿರುಗಿಸಿ ನೋಡಿದರೆ ಕಾಯಿಯಾಗಲಿರುವ ಭಾಗ ಎಸಳುಗಳ ಕೆಳಗೆ ತೊಟ್ಟಿನಂತೆ ಉದ್ದವಾಗಿ ಕಾಣುತ್ತದೆ. ಸಾಸಿವೆಯಲ್ಲಿ ಅದು ಎಸಳುಗಳ ಮೇಲೆ, ಹೂವಿನ ನಡುವೆ ಇರುತ್ತದೆ. ಅಲ್ಲಿಗೆ ಅದೂ ಬಳಗದಿಂದ ಹೊರಗಾಯಿತು.

ಹೆಚ್ಚು ಹತ್ತಿರದ ಹೋಲಿಕೆ ನಾಯಿಸಾಸಿವೆಯದು. ಮಳೆಗಾಲದಲ್ಲಿ ರಸ್ತೆಯಂಚಿನಲ್ಲಿ, ಪಾಳುನೆಲದಲ್ಲಿ ಎಲ್ಲೆಲ್ಲಿಯೂ ಕಾಣುವ ಗಿಡ ಅದು. ನಾಲ್ಕು ಹಳದಿ ಎಸಳು, ನೆಟ್ಟಗೆ ನಿಂತ ಉದ್ದ ಕಾಯಿ, ಒಳಗೆ ಸಾಸಿವೆಯಂಥ ಕರಿ ಬೀಜ. ಆದರೆ ಎಲೆ ಮೂರರಿಂದ ಐದು ಕಿರುಎಲೆಗಳಾಗಿ ಅಂಗೈಯಂತೆ ಒಡೆದಿದೆ, ಮೈಯೆಲ್ಲ ಅಂಟು, ಹೊಸಕಿದರೆ ಬೇರೊಂದು ಕಟುವಾಸನೆ, ಕೇಸರ ಆರಲ್ಲ, ಹತ್ತಕ್ಕೂ ಮಿಕ್ಕಿ, ಕಾಯಿಯೊಳಗೆ ತೆರೆಯಿಲ್ಲ. ನಮ್ಮ ಹಳ್ಳಿಗರು ನಾಯಿತುಳಸಿ, ನಾಯಿಸಾಸಿವೆ ಎಂದು ಹೆಸರಿಡುವಾಗ ‘ನಾಯಿ’ ಎಂಬ ಪದದಲ್ಲಿ ಒಂದು ವಿಂಗಡಣೆಯಿದೆ: ಹೋಲುತ್ತದೆ, ಆದರೆ ಅದಲ್ಲ. ಇಂದಿನ ಸಸ್ಯವಿಜ್ಞಾನವೂ ನಾಯಿಸಾಸಿವೆಯ ಕುಟುಂಬವನ್ನು ಸಾಸಿವೆಯ ಕುಟುಂಬದ ಪಕ್ಕದಲ್ಲಿಯೇ ಇರಿಸಿ ಎರಡನ್ನೂ ಬೇರೆ ಎನ್ನುತ್ತದೆ.

ನಾಲ್ಕನೆಯ ವೇಷಧಾರಿ ಅಪಾಯಕಾರಿ. ಕೆಲವರು ದತ್ತೂರಿ ಎಂದೂ, ಅರಿಶಿನ ಉಮ್ಮತ್ತಿ ಎಂದೂ ಕರೆಯುವ ಮೆಕ್ಸಿಕೋ ಮೂಲದ ಮುಳ್ಳುಗಿಡ ಅದು, ಶಾಸ್ತ್ರದಲ್ಲಿ ಆರ್ಜಿಮೋನ್. ಪಾಳುಭೂಮಿಯಲ್ಲಿ, ಬತ್ತಿದ ಕೆರೆಯಂಗಳದಲ್ಲಿ ಬೇಸಗೆಯ ಹೊತ್ತಿಗೆ ದೊಡ್ಡ ಹಳದಿ ಹೂ ಬಿಟ್ಟು ನಿಲ್ಲುತ್ತದೆ. ಗಿಡವನ್ನು ನೋಡಿದವರು ಇದನ್ನು ಸಾಸಿವೆಯೆಂದು ಭ್ರಮಿಸಲಾರರು. ಬೂದುಗಲಂದ ಎಲೆಯ ಅಂಚೆಲ್ಲ ಮುಳ್ಳು, ನರಗಳ ಮೇಲೆ ಬಿಳಿ ಪಟ್ಟಿ, ಎಸಳು ನಾಲ್ಕರಿಂದ ಆರು, ಕೇಸರ ಎಣಿಸಲಾರದಷ್ಟು, ಕಾಂಡ ಮುರಿದರೆ ಅರಿಶಿನದ ಬಣ್ಣದ ಹಾಲು. ಸಾಸಿವೆಯ ಬಳಗದಲ್ಲಿ ರಸ ನೀರಿನಂತೆ ತಿಳಿ, ಬಣ್ಣದ ಹಾಲು ಎಲ್ಲಿಯೂ ಇಲ್ಲ. ದತ್ತೂರಿ ಗಸಗಸೆಯ ಬಳಗಕ್ಕೆ ಸೇರಿದ್ದು. ಆದರೆ ಗಿಡ ಹೋಗಿ ಬೀಜ ಮಾತ್ರ ಉಳಿದಾಗ ಮೋಸ ಸುಲಭ. ದತ್ತೂರಿಯ ಬೀಜ ಗಾತ್ರದಲ್ಲಿಯೂ ಬಣ್ಣದಲ್ಲಿಯೂ ಕರಿ ಸಾಸಿವೆಯಂತೆಯೇ ಇದೆ.

1998ರ ಆಗಸ್ಟಿನಲ್ಲಿ ದೆಹಲಿಯಲ್ಲಿ ನಡೆದುದನ್ನು ಹಲವರು ನೆನಪಿಟ್ಟಿರಬಹುದು. ಸಾಸಿವೆ ಎಣ್ಣೆಯಲ್ಲಿ ದತ್ತೂರಿಯ ಎಣ್ಣೆ ಬೆರೆತು ಸಾವಿರಾರು ಮಂದಿ ಕಾಲು ಬಾತು, ಉಸಿರು ಕಟ್ಟಿ ಆಸ್ಪತ್ರೆ ಸೇರಿದರು. ಅರವತ್ತಕ್ಕೂ ಹೆಚ್ಚು ಜನ ಸತ್ತರು. ಆ ಎಣ್ಣೆಯಲ್ಲಿರುವ ಸಾಂಗ್ವಿನರಿನ್ ಎಂಬ ಕ್ಷಾರ ಸೂಕ್ಷ್ಮ ರಕ್ತನಾಳಗಳ ಗೋಡೆಯನ್ನು ಕೆಡಿಸಿ ನೀರು ಸೋರಿ ದೇಹ ಬಾಯುವಂತೆ ಮಾಡುತ್ತದೆ. ಹೃದಯ ಸೋಲುತ್ತದೆ, ಕೆಲವರಿಗೆ ಕಣ್ಣಿನ ಒತ್ತಡ ಏರಿ ದೃಷ್ಟಿಗೂ ಸಂಚಕಾರ. ನಮ್ಮಲ್ಲಿ ಸಾಸಿವೆ ಎಣ್ಣೆಯ ಬಳಕೆ ಕಡಮೆ. ಕಾಳಿನ ಬಳಕೆ ಮಾತ್ರ ನಿತ್ಯದ್ದು. ಆದ್ದರಿಂದ ಪ್ರತಿ ಮನೆಯಲ್ಲಿಯೂ ಮಾಡಬಹುದಾದ ಪರೀಕ್ಷೆಯೊಂದನ್ನು ಹೇಳುತ್ತೇನೆ. ಕಾಳನ್ನು ಬಿಳಿಯ ತಟ್ಟೆಯಲ್ಲಿ ಹರಡಿ ನೋಡಿ. ಸಾಸಿವೆಯ ಮೈ ನಯ. ದತ್ತೂರಿಯದು ಒರಟು, ಭೂತಕನ್ನಡಿಯಲ್ಲಿ ಬಲೆ ಹೊದೆಸಿದಂತೆ ಗುಳಿಗುಳಿ. ಸಂಶಯದ ಕಾಳನ್ನು ಒತ್ತಿ ಒಡೆಯಿರಿ. ಸಾಸಿವೆಯ ಒಳಗು ಹಳದಿ, ದತ್ತೂರಿಯದು ಬಿಳಿ.

ವಿಷದ ಮಾತಿನಿಂದ ಮತ್ತೆ ನಮ್ಮ ಬಳಗಕ್ಕೆ ಮರಳಿದರೆ ಒಂದು ನೆಮ್ಮದಿಯ ಸಂಗತಿ ಕಾಣುತ್ತದೆ. ಇಷ್ಟು ದೊಡ್ಡ ಕುಟುಂಬದಲ್ಲಿ ಮನುಷ್ಯನಿಗೆ ಮಾರಕವಾದ ಗಿಡ ಇಲ್ಲವೆನ್ನುವಷ್ಟು ವಿರಳ. ಹಿಂದೆ ಹಾಯಿಹಡಗುಗಳಲ್ಲಿ ತಿಂಗಳುಗಟ್ಟಲೆ ತಾಜಾ ಸೊಪ್ಪು ತರಕಾರಿಯಿಲ್ಲದೆ ಒಸಡು ಕೊಳೆತು ನಾವಿಕರು ಸಾಯುತ್ತಿದ್ದ ಕಾಲದಲ್ಲಿ ಈ ತಿಳಿವಳಿಕೆ ಪ್ರಾಣ ಉಳಿಸಿತು. 1768ರಲ್ಲಿ ಹೊರಟ ಕ್ಯಾಪ್ಟನ್ ಕುಕ್ ಹುಳಿ ಹಿಡಿಸಿದ ಎಲೆಕೋಸನ್ನು ಪೀಪಾಯಿಗಳಲ್ಲಿ ತುಂಬಿಕೊಂಡು ಹೋದ. ನ್ಯೂಜಿಲೆಂಡಿನ ದಡದಲ್ಲಿ ಈ ಕುಟುಂಬದ ಕಾಡುಸೊಪ್ಪನ್ನು ಗುರುತಿಸಿ ಕೀಳಿಸಿ ನಾವಿಕರಿಗೆ ಬೇಯಿಸಿ ಹಾಕಿಸಿದ. ಅವನ ಮೂರನೆಯ ಯಾನದಲ್ಲಿ, 1776ರಲ್ಲಿ, ದಕ್ಷಿಣ ಸಾಗರದ ನಿರ್ಜನವಾದ ಕೆರ್ಗೆಲೆನ್ ದ್ವೀಪದಲ್ಲಿ ಸಿಕ್ಕಿದ ಕೋಸಿನಂಥ ಗಿಡವೂ ಇದೇ ಬಳಗದ್ದು. ಊರಿಲ್ಲದ, ಕೇಳುವವರಿಲ್ಲದ ದ್ವೀಪದಲ್ಲಿ ಯಾವ ಸೊಪ್ಪು ತಿನ್ನಬಹುದೆಂದು ನಿರ್ಣಯಿಸಲು ಕುಟುಂಬದ ಲಕ್ಷಣವಲ್ಲದೆ ಬೇರೆ ಏನು ನೆರವಾದೀತು?

ನಮ್ಮ ತರಕಾರಿ ಅಂಗಡಿಯಲ್ಲಿ ಈ ಬಳಗದವರು ಎಷ್ಟು ಮಂದಿಯೆಂದು ನೋಡೋಣ. ಎಲೆಕೋಸು, ಹೂಕೋಸು, ನವಿಲುಕೋಸು ಮೂರೂ ನೋಟಕ್ಕೆ ಬೇರೆ ಬೇರೆ. ಸಸ್ಯಶಾಸ್ತ್ರದ ಕಣ್ಣಿಗೆ ಒಂದೇ ಪ್ರಭೇದ. ಯೂರೋಪಿನ ಕಡಲತೀರದ ಒಂದು ಕಾಡುಗಿಡದ ಭಿನ್ನ ಭಾಗಗಳನ್ನು ರೈತರು ತಲೆತಲಾಂತರ ಆರಿಸಿ ಉಬ್ಬಿಸಿದ್ದಾರೆ. ಎಲೆಕೋಸು ಒಂದು ದೈತ್ಯ ಮೊಗ್ಗು. ನವಿಲುಕೋಸು ಊದಿದ ಕಾಂಡ. ಹೂಕೋಸು ಅರಳುವ ಮೊದಲೇ ತಡೆದು ನಿಂತ ಹೂಗೊಂಚಲು. ಎಲೆಕೋಸಿನ ಹೂವನ್ನು ನಾವು ಕಾಣದಿರುವುದಕ್ಕೆ ಕಾರಣವುಂಟು. ಹೂಬಿಡಲು ಅದಕ್ಕೆ ವಾರಗಟ್ಟಲೆ ಚಳಿ ಬೇಕು. ಬೆಂಗಳೂರಿನ ಚಳಿ ಅದಕ್ಕೆ ಸಾಲದು. ಬೀಜ ತಂಪು ಬೆಟ್ಟದ ಸೀಮೆಗಳಿಂದ ಬರಬೇಕು. ಮೂಲಂಗಿ ಮಾತ್ರ ಇಲ್ಲಿಯೂ ಹೂ ಬಿಡುತ್ತದೆ. ಬಿಳಿಯ ಎಸಳಿನ ಮೇಲೆ ನೇರಿಳೆಯ ನರ. ಕಾಯಿ ದಪ್ಪನಾಗಿ ಬೆಂಡಿನಂತೆ, ಬಲಿತರೂ ಬಿರಿಯದು. ಉತ್ತರ ಕರ್ನಾಟಕದಲ್ಲಿ ಬಾಣಂತಿಗೆ ಪಾಯಸ ಮಾಡಿ ಕೊಡುವ ಅಳವಿ ಬೀಜವೂ ಈ ಮನೆತನದ್ದು. ನೀರಿಗೆ ಹಾಕಿದರೆ ಲೋಳೆ ಬಿಡುವ ಆ ಬೀಜ ಸಣ್ಣ, ಚಪ್ಪಟೆ, ತುದಿ ಕಚ್ಚಿದ ಮೊಟಕು ಕಾಯಿಯಿಂದ ಬಂದದ್ದು. ಜನವರಿಯಲ್ಲಿ ಲಾಲ್‌ಬಾಗಿನಂಥ ತೋಟಗಳ ಪಾತಿಯಲ್ಲಿ ಕಾಣುವ ಅಲಿಸಮ್, ಕ್ಯಾಂಡಿಟಫ್ಟ್ ಹೂಗಳೂ ನಾಲ್ಕು ಎಸಳಿನವೇ. ಕ್ಯಾಂಡಿಟಫ್ಟಿನ ನಾಲ್ಕರಲ್ಲಿ ಹೊರಗಿನ ಎರಡು ದೊಡ್ಡವು, ಒಳಗಿನ ಎರಡು ಚಿಕ್ಕವು. ಶಿಲುಬೆ ಓರೆಯಾದರೂ ಆರು ಕೇಸರ ಲೆಕ್ಕ ತಪ್ಪಿಲ್ಲ.

ಸಾಸಿವೆಯ ಹುಟ್ಟಿನಲ್ಲಿಯೂ ಒಂದು ವಿಶೇಷವಿದೆ. 1935ರಲ್ಲಿ ಜಪಾನಿನಲ್ಲಿದ್ದ ಕೊರಿಯ ಮೂಲದ ವಿಜ್ಞಾನಿ ನಾಗಹಾರು ಯು, ಈ ಗಿಡಗಳ ವರ್ಣತಂತುಗಳನ್ನು ಎಣಿಸಿ ಅವುಗಳ ನಂಟನ್ನು ಒಂದು ತ್ರಿಕೋನದಲ್ಲಿ ಬರೆದು ತೋರಿಸಿದ. ಸರಸೋಂ, ಟರ್ನಿಪ್‌ಗಳ ಪ್ರಭೇದಕ್ಕೆ 20 ವರ್ಣತಂತು. ಯೂರೋಪಿನ ಕರಿ ಸಾಸಿವೆಗೆ 16. ನಮ್ಮ ಸಾಸಿವೆಗೆ ಇವೆರಡರ ಮೊತ್ತ 36. ಎಂದೋ ಈ ಎರಡು ಗಿಡಗಳು ತಾವಾಗಿ ಕೂಡಿ ಮೂರನೆಯದು ಹುಟ್ಟಿ ಹೊಲಕ್ಕೆ ಬಂದಿತು. 2000ದಲ್ಲಿ ಸಸ್ಯಗಳ ಪೈಕಿ ಮೊತ್ತಮೊದಲಿಗೆ ಇಡೀ ವಂಶಲಿಪಿಯನ್ನು ಓದಿಸಿಕೊಂಡ ಅರಾಬಿಡಾಪ್ಸಿಸ್ ಎಂಬ ಪುಟ್ಟ ಕಳೆಯೂ ಇದೇ ಬಳಗದ್ದು.

ಬಳಗವನ್ನು ನಮಗಿಂತ ಚೆನ್ನಾಗಿ ಗುರುತಿಸುವವರೂ ಇದ್ದಾರೆ. ಘಾಟಿನ ಎಣ್ಣೆ ಹುಟ್ಟಿದ್ದು ಹುಳುಗಳನ್ನು ಓಡಿಸುವುದಕ್ಕೆ. ಆದರೆ ಕೋಸಿನ ಬಿಳಿ ಚಿಟ್ಟೆ, ವಜ್ರಬೆನ್ನಿನ ಪತಂಗ ಮೊದಲಾದವು ಅದನ್ನೇ ಊಟದ ಕರೆಯೆಂದು ತಿಳಿದಿವೆ. 1910ರಲ್ಲಿ ಫೆರ್ಶಾಫೆಲ್ಟ್ ಎಂಬ ಡಚ್ ವಿಜ್ಞಾನಿ, ಬಿಳಿ ಚಿಟ್ಟೆಯ ಕಂಬಳಿಹುಳು ಮುಟ್ಟದ ಬೇರೆ ಎಲೆಗಳಿಗೆ ಈ ಬಳಗದ ಗಿಡದ ರಸ ಸವರಿದಾಗ ಹುಳು ಅವನ್ನೂ ತಿಂದಿತೆಂದು ತೋರಿಸಿದ. ಕಣ್ಣಿಗಲ್ಲ, ವಾಸನೆ ರುಚಿಗಳಿಗೆ ಅವು ಸೋಲುತ್ತವೆ. ಹೊಸಕೋಟೆ, ದೇವನಹಳ್ಳಿ ಕಡೆಯ ಕೋಸಿನ ಬೆಳೆಗಾರರಿಗೆ ವಜ್ರಬೆನ್ನಿನ ಪತಂಗ ದೊಡ್ಡ ಕಾಟ. ಎಷ್ಟು ಸಲ ಔಷಧ ಹೊಡೆದರೂ ಅದು ಬೇಗ ಒಗ್ಗಿಕೊಂಡು ಜಗ್ಗದಾಗುತ್ತದೆ; ಉಳಿಯುವುದು ತರಕಾರಿಯ ಮೇಲಿನ ವಿಷ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಕೆ. ಶ್ರೀನಿವಾಸನ್ ಮತ್ತು ಪಿ. ಎನ್. ಕೃಷ್ಣಮೂರ್ತಿ 1991ರಲ್ಲಿ ಪ್ರಕಟಿಸಿದ ಉಪಾಯ ಸೊಗಸಾದದ್ದು. ಕೋಸಿನ ಪ್ರತಿ 25 ಸಾಲಿಗೆ ಎರಡು ಸಾಲು ಸಾಸಿವೆ. ಒಂದನ್ನು ಕೋಸು ನೆಡುವ 15 ದಿನ ಮೊದಲು, ಇನ್ನೊಂದನ್ನು ನೆಟ್ಟ 25 ದಿನದ ಮೇಲೆ ಬಿತ್ತಬೇಕು. ಹೀಗೆ ಬೆಳೆಯುದ್ದಕ್ಕೂ ಹಸಿರು ಸಾಸಿವೆ ಹೊಲದಲ್ಲಿರುತ್ತದೆ. ಘಾಟು ಹೆಚ್ಚಾದ ಸಾಸಿವೆಗೆ ಪತಂಗ ಒಲಿದು ಅಲ್ಲಿಯೇ ಮೊಟ್ಟೆಯಿಡುತ್ತದೆ. ಔಷಧವನ್ನು ಆ ಸಾಲಿಗೆ ಹೊಡೆದರೆ ಸಾಕು. ಕೋಸಿಗೆ ಬೇಕಾದಲ್ಲಿ ಬೇವಿನ ಬೀಜದ ಕಷಾಯ. ರಾಗಿಗೆ ಅಕ್ಕಡಿಯಾಗಿದ್ದ ಸಾಸಿವೆ ಹೀಗೆ ಕೋಸಿನ ಹೊಲದಲ್ಲಿ ಕಾವಲುಗಾರನಾಯಿತು.

ಕುಟುಂಬದ ಆಚೆಗೂ ಈ ಘಾಟಿನ ಜಾಡು ಸ್ವಲ್ಪ ದೂರ ಹೋಗುತ್ತದೆ. ನುಗ್ಗೆಯ ಬೇರನ್ನು ಜಜ್ಜಿದರೆ, ಪರಂಗಿಯ ಬೀಜವನ್ನು ಕಡಿದರೆ ಸಾಸಿವೆಯ ನೆನಪು ಬರುತ್ತದೆ. ನುಗ್ಗೆ ಮರ, ಪರಂಗಿ ಕಳ್ಳಿಯಂಥ ಮೃದುಮರ, ಸಾಸಿವೆ ಗೇಣೆತ್ತರದಿಂದ ಆಳೆತ್ತರದ ಗಿಡ, ಹೂವಿನಲ್ಲಿಯೂ ಹೋಲಿಕೆಯಿಲ್ಲ. ಹಿಂದಿನ ಸಸ್ಯಶಾಸ್ತ್ರಜ್ಞರು ಅವನ್ನು ಬಹಳ ದೂರದೂರ ಇರಿಸಿದ್ದರು. ಈಗ ವಂಶಲಿಪಿಯನ್ನು ಹೋಲಿಸಿದ ಮೇಲೆ ಮೂರನ್ನೂ ಒಂದೇ ಗಣದಲ್ಲಿ ಸೇರಿಸಿದ್ದಾರೆ. ಎಲೆಯನ್ನು ಹೊಸಕಿ ಮೂಗಿಗೆ ಹಿಡಿದ ಮುದುಕಿಯ ವಿಧಾನವನ್ನು ಪ್ರಯೋಗಾಲಯ ಎತ್ತಿಹಿಡಿದಂತಾಯಿತು.

ಮುಂದಿನ ಬಾರಿ ಪೇಟೆಯಾಚೆ ಹೋದಾಗ ಹಳದಿ ಹೂವೊಂದು ಕಂಡರೆ ಈ ಕ್ರಮದಲ್ಲಿ ನೋಡಿ. ಎಸಳು ನಾಲ್ಕೇ, ಬಿಡಿಬಿಡಿಯೇ? ಕೇಸರ ಆರೇ, ಅವುಗಳಲ್ಲಿ ಎರಡು ಗಿಡ್ಡವೇ? ಕಾಯಿ ಎಸಳುಗಳ ಮೇಲೆಯೇ, ಅದರ ನಡುವೆ ತೆರೆಯಿದೆಯೇ? ಮುರಿದರೆ ರಸ ತಿಳಿಯೇ? ಹೊಸಕಿದರೆ ಘಾಟೇ? ಎಲ್ಲಕ್ಕೂ ಹೌದೆಂಬ ಉತ್ತರ ಬಂದರೆ, ಹೆಸರು ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಅದು ನಿಮ್ಮ ಒಗ್ಗರಣೆ ಡಬ್ಬಿಯ ನೆಂಟ. ರಾಗಿಯ ಹೊಲಗಳು ಬಡಾವಣೆಗಳಾಗುತ್ತಿರುವ ಈ ಸೀಮೆಯಲ್ಲಿ ಅಕ್ಕಡಿಯ ಹಳದಿ ಗೆರೆ ವರ್ಷದಿಂದ ವರ್ಷಕ್ಕೆ ತೆಳುವಾಗುತ್ತಿದೆ. ಅದು ಇರುವಾಗಲೇ ಮಕ್ಕಳ ಕೈಹಿಡಿದು ಒಂದು ದಿನ ಹೊಲಕ್ಕಿಳಿಯಿರಿ. ಒಡೆಯನ ಅನುಮತಿ ಕೇಳಿ ಒಂದೇ ಒಂದು ಹೂ ಕೀಳಿ. ಆರು ಕೇಸರಗಳನ್ನು ಮಕ್ಕಳಿಂದಲೇ ಎಣಿಸಿಸಿ.

(ಬಾನುಲಿ ಭಾಷಣ)